ಚೊಗರಿನ ರೈಲು

ತೀರ್ಥಹಳ್ಳಿ ತಾಲೂಕಿನಲ್ಲಿ ರೈಲಿಲ್ಲ. ಹಿಂದೆಯೂ ಇರಲಿಲ್ಲ. ಚುನಾವಣೆ ಹತ್ತಿರ ಬಂದಾಗ ಮಾತ್ರ ಭಾಷಣಗಳಲ್ಲಿ ಒಂದೆರಡು ತಿಂಗಳು ಓಡಾಡಿ, ಮತ ಎಣಿಕೆಯ ದಿನ ನಿಂತುಹೋಗುತ್ತದೆ. ಅಂಥ ತಾಲೂಕಿನ ಕೋಣಂದೂರಿನಲ್ಲಿ, ಬೋರ್ಡು ಬರೆಯುವ ಶಿವಮೂರ್ತಿಯ ಮಗಳಾಗಿ ಹುಟ್ಟಿದ ಶಿಲ್ಪಶ್ರೀ ಮೊದಲ ಸಲ ರೈಲು ನೋಡಿದ್ದು ಹತ್ತನೆಯ ವಯಸ್ಸಿನಲ್ಲಿ, ಆನಂದಪುರದ ಹತ್ತಿರ ಗೇಟು ಬಿದ್ದು ನಿಂತ ಬಸ್ಸಿನ ಕಿಟಕಿಯಿಂದ. ಹೊಗೆ, ಕೂಗು, ಇಪ್ಪತ್ತು ಡಬ್ಬಿ, ಎಲ್ಲವನ್ನೂ ಮನಸ್ಸಿನಲ್ಲಿ ಸಿದ್ಧಮಾಡಿಕೊಂಡು ಕಾದಳು. ಬಂದದ್ದು ಒಂದೇ ಡಬ್ಬಿಯ ರೈಲುಬಸ್ಸು. ಬಸ್ಸಿನಲ್ಲಿ ಕೂತು, ಹಳಿಯ ಮೇಲೆ ಹೋಗುವ ಇನ್ನೊಂದು ಬಸ್ಸನ್ನು ನೋಡಿದ ಹಾಗಾಯಿತು. ಪಕ್ಕದಲ್ಲಿದ್ದ ಅಪ್ಪ "ಇಷ್ಟೇನಾ?" ಎಂದು ನಕ್ಕುಬಿಟ್ಟ. ಶಿಲ್ಪಶ್ರೀಗೆ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಇಳಿದಿಲ್ಲ. ಬಾರದೆ ಹೋದ ಹತ್ತೊಂಬತ್ತು ಡಬ್ಬಿಗಳನ್ನು ಅವಳು ಅಂದಿನಿಂದ ತಾನೇ ಬರೆಯುತ್ತಿದ್ದಾಳೆ.

ಈಗ ಅವಳಿಗೆ ಇಪ್ಪತ್ತೊಂಬತ್ತು. ಸಾಗರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರು. ಶಾಲೆ ಬಿಟ್ಟ ಮೇಲೆ ಹಳೇ ಸ್ಕೂಟಿ ಹತ್ತಿ ಕಬ್ಬಿಣ ಹುಡುಕಿಕೊಂಡು ಹೋಗುತ್ತಾಳೆ. ಮುಚ್ಚಿಹೋದ ಹಂಚಿನ ಕಾರ್ಖಾನೆಯ ಗೂಡು, ಬಾಯ್ಲರು ತುಕ್ಕು ಹಿಡಿದ ಅಕ್ಕಿಗಿರಣಿ, ತಾಳಗುಪ್ಪದ ಕಡೆ ಹಳಿ ಪಕ್ಕ ಲಂಟಾನ ಬೆಳೆದು ಮುಚ್ಚಿದ ಗಾಲಿ. ಜೋಗಕ್ಕೆ ಹೋದರೂ ಜಲಪಾತಕ್ಕೆ ಬೆನ್ನು ಹಾಕಿ ಕೂತು ವಿದ್ಯುತ್ ಕೇಂದ್ರದ ಪೈಪುಗಳನ್ನು ಬರೆದುಕೊಂಡು ಬರುತ್ತಾಳೆ. ಪ್ರವಾಸಿಗಳು ಪಾಪ, ಈ ಹುಡುಗಿಗೆ ಯಾವ ಕಡೆ ನೋಡಬೇಕು ಅಂತ ಗೊತ್ತಾಗಿಲ್ಲ ಎಂದುಕೊಂಡು ಭುಜ ತಟ್ಟಿ, "ಮೇಡಂ, ಫಾಲ್ಸ್ ಈ ಕಡೆ" ಎಂದು ತೋರಿಸಿದ್ದೂ ಉಂಟು.

"ಮಲೆನಾಡಲ್ಲಿ ಕೂತು ತುಕ್ಕು ಬರೀತೀಯಲ್ಲೇ ಮಾರಾಯ್ತಿ" ಎಂದು ಸಹೋದ್ಯೋಗಿಗಳು ಹಂಗಿಸುತ್ತಾರೆ. ತುಕ್ಕಿಗೂ ಮಲೆನಾಡಿಗೂ ಎಷ್ಟು ಹತ್ತಿರದ ನಂಟಿದೆ ಎನ್ನುವುದು ಅವಳಿಗೇ ಗೊತ್ತಿರಲಿಲ್ಲ. ಅದು ಗೊತ್ತಾದದ್ದು ಧನ್ಯಕುಮಾರರ ಸಭಾಭವನದ ಗೋಡೆಯ ಮೇಲೆ.

ಧನ್ಯಕುಮಾರ ಸಾಗರದ ಅಡಿಕೆ ವರ್ತಕರು. ಊರಿಗೆಲ್ಲ ಸಾಹುಕಾರ್ರು. ತೀರಿಕೊಂಡ ತಂದೆಯ ಹೆಸರಿನಲ್ಲಿ ಸ್ಟೇಷನ್ ರಸ್ತೆಯ ಕಡೆ ಒಂದು ಸಭಾಭವನ ಕಟ್ಟಿಸಿದ್ದರು. ಒಳಗೆ ಕಾಲಿಟ್ಟರೆ ಎದುರಿಗೇ ಕಾಣುವ ಗೋಡೆ ಖಾಲಿ ಇತ್ತು. ಅಲ್ಲಿ ಏನು ಹಾಕಬೇಕೆಂಬುದರ ಬಗ್ಗೆ ಅವರ ಮನೆಯಲ್ಲಿ ಎರಡು ಪಕ್ಷ. ಮಗ ಋಷಭ್‌ನದು ಜೋಗದ ದೊಡ್ಡ ಫೋಟೋ. ಅಪ್ಪನ ಮನಸ್ಸಿನಲ್ಲಿದ್ದದ್ದು ಬೇರೆ.

"ನಮ್ಮಪ್ಪ ಅಡಿಕೆ ಕಳಿಸ್ತಾ ಇದ್ದದ್ದು ರೈಲಲ್ಲಿ ಕಣಮ್ಮ" ಎಂದು ಅವರು ಶಿಲ್ಪಶ್ರೀಗೆ ಹೇಳಿದ್ದರು, ಅವಳ ಬಾಡಿಗೆ ಶೆಡ್ಡಿಗೆ ತಾವೇ ಬಂದು, ಅಲ್ಲಿದ್ದ ಒಂದೇ ಸ್ಟೂಲಿನ ಮೇಲೆ ಕೂತು. "ಗೂಡ್ಸ್ ಡಬ್ಬಿ ತುಂಬಿದ ಮೇಲೆ ಬಾಗ್ಲು ಎಳೆದು, ಅದರ ಮೇಲೆ ಸೀಮೆಸುಣ್ಣದಲ್ಲಿ ಸ್ವಂತ ಕೈಯಲ್ಲಿ ಬರೀತಿದ್ರು. ಕಳಿಸೋರು ಯಾರು, ಹೋಗೋ ಊರು ಯಾವುದು, ತಾರೀಕು. ಮೂರು ಸಾಲು. ನಾನು ಚಿಕ್ಕೋನು, ಸೀಮೆಸುಣ್ಣ ಹಿಡ್ಕೊಂಡು ಪಕ್ಕದಲ್ಲಿ ನಿಂತಿರ್ತಿದ್ದೆ. ಆ ಡಬ್ಬಿ ಬೇಕು ನಂಗೆ. ಬರೀತೀಯಾ?"

ಜೋಗ ಕೇಳದೆ, ಯಕ್ಷಗಾನದ ಕಿರೀಟ ಕೇಳದೆ, ತಾನಾಗಿಯೇ ಬಂದು ರೈಲು ಕೇಳಿದ ಮೊದಲ ಮನುಷ್ಯ. ಶಿಲ್ಪಶ್ರೀ ಒಪ್ಪಿಕೊಂಡಳು. ಒಂದೇ ಷರತ್ತು ಹಾಕಿದಳು: "ಬಣ್ಣ ನನ್ನಿಷ್ಟ. ಮುಗಿದ ಮೇಲೆ ಅಲ್ಲಿ ಹಚ್ಚು, ಇಲ್ಲಿ ಅಳಿಸು ಅನ್ನಬಾರ್ದು."

"ನಾನೆಂತಕ್ಕೆ ಅಂತೀನಿ? ಅಡಿಕೆಗೆ ರೇಟು ಹೇಳೋನು ನಾನು. ಚಿತ್ರಕ್ಕೆ ನೀನೇ ಹೇಳು" ಎಂದು ಸಾಹುಕಾರ್ರು ಎದ್ದರು.

ಬಣ್ಣವನ್ನು ಅವಳು ಅಂಗಡಿಯಿಂದ ತರಲಿಲ್ಲ. ಹಸಿ ಅಡಿಕೆಯನ್ನು ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಪು ರಸಕ್ಕೆ ಚೊಗರು ಎನ್ನುತ್ತಾರೆ. ಬೇಯಿಸಿದಷ್ಟೂ ಗಟ್ಟಿ, ಗಟ್ಟಿಯಾದಷ್ಟೂ ಕೆಂಪು. ಹಿಂದಿನ ಕೊಯ್ಲಿನ ಚೊಗರು ಎರಡು ಕ್ಯಾನು ಸಿಕ್ಕಿತು. ಅಡಿಕೆ ತುಂಬಿದ ಡಬ್ಬಿಯನ್ನು ಅಡಿಕೆಯ ರಸದಲ್ಲೇ ಬರೆಯಬೇಕೆಂಬುದು ಅವಳ ಹಟ. ಕಬ್ಬಿಣಕ್ಕೆ ಕಬ್ಬಿಣವೇ ಬೇಕು. ಅದಕ್ಕೆ ಜಟ್ಟಿಂಗಪ್ಪನ ಹತ್ತಿರ ಹೋದಳು.

ಜಟ್ಟಿಂಗಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದು ನಿವೃತ್ತನಾದವನು. ಮೀಟರ್ ಗೇಜಿನ ಕಾಲದಲ್ಲಿ ಸಾಗರದಿಂದ ತಾಳಗುಪ್ಪದವರೆಗೆ ಸುತ್ತಿಗೆ ಹೊತ್ತು ನಡೆದವನು. ಸಣ್ಣ ಹಳಿ ಕಿತ್ತು ದೊಡ್ಡ ಹಳಿ ಹಾಕಿದಾಗ ಕಿತ್ತವರಲ್ಲೂ ಅವನೇ, ಹಾಕಿದವರಲ್ಲೂ ಅವನೇ. ಹಿತ್ತಲಿನ ಗೋಣಿಚೀಲದಿಂದ ಅವನು ಒಂದು ಗೇಣುದ್ದದ ಹಳಿಮೊಳೆ ತೆಗೆದ. ಹಳಿಯನ್ನು ಮರದ ದಿಮ್ಮಿಗೆ ಕಚ್ಚಿಸಲು ಹೊಡೆಯುತ್ತಿದ್ದ ದಪ್ಪ ಮೊಳೆ; ಮೈತುಂಬ ತುಕ್ಕು.

"ಸರ್ಕಾರದ ಆಸ್ತಿ. ನಂಗೆ ಹೆಂಗೆ ಬಂತು ಅಂತ ಕೇಳ್ಬೇಡ, ನಿಂಗೆ ಹೆಂಗೆ ಬಂತು ಅಂತ ಹೇಳ್ಬೇಡ" ಎಂದು ಅವಳ ಕೈಗಿಟ್ಟ.

ಅವಳು ತುಕ್ಕು ಕೆರೆದು, ಅರೆದು, ಗೋಂದಿನಲ್ಲಿ ಕಲಸಿ, ಚೊಗರು ಬಳಿದ ದಪ್ಪ ಬಟ್ಟೆಯ ಮೇಲೆ ಹಳಿ ಬರೆದಳು, ಗಾಲಿ ಬರೆದಳು, ಗೂಡ್ಸ್ ಶೆಡ್ಡಿನ ಕಂಬ ಬರೆದಳು, ಆಕಾಶಕ್ಕೂ ತೆಳ್ಳಗೆ ಸವರಿದಳು. ಹನ್ನೆರಡು ಅಡಿ ಅಗಲ, ಏಳು ಅಡಿ ಎತ್ತರ. ನಡುವೆ ಮುಚ್ಚಿದ ಗೂಡ್ಸ್ ಡಬ್ಬಿ. ಅದರ ಬಾಗಿಲಿಗೆ ಮಾತ್ರ ತುಕ್ಕು ಸೋಕಿಸದೆ ಬರೀ ಚೊಗರನ್ನು ಏಳು ಸಲ ಬಳಿದಳು. ಹಳಿಗಳು ನೋಡುವವರ ಕಾಲಬುಡಕ್ಕೇ ಬಂದು ಮುಗಿಯುತ್ತಿದ್ದವು.

ಜಟ್ಟಿಂಗಪ್ಪ ಒಂದು ದಿನ ನೋಡಲು ಬಂದ. ಗಾಲಿ ನೋಡಲಿಲ್ಲ, ಡಬ್ಬಿ ನೋಡಲಿಲ್ಲ. ತಾನು ತಂದಿದ್ದ ಅಳತೆಕೋಲನ್ನು ಚಿತ್ರದ ಕೆಳಅಂಚಿನಲ್ಲಿ ಎರಡು ಹಳಿಗಳ ನಡುವೆ ಅಡ್ಡ ಇಟ್ಟ.

"ಎರಡು ಬೆರಳು ಜಾಸ್ತಿ ಆಗಿದೆ. ಗಾಡಿ ಬೀಳ್ತದೆ."

"ಅಜ್ಜ, ಇದು ಚಿತ್ರ."

"ಚಿತ್ರದಲ್ಲಿ ಬಿದ್ರೆ ಮಾತ್ರ ಪೆಟ್ಟಾಗಲ್ವಾ? ಒಂದು ಮೀಟರು ಅಂದ್ರೆ ಒಂದು ಮೀಟರು."

ಶಿಲ್ಪಶ್ರೀ ಎರಡು ದಿನದ ಕೆಲಸ ಕೆಡಿಸಿ ಹಳಿಯನ್ನು ಎರಡು ಬೆರಳು ಒಳಗೆ ತಂದಳು. ಬೇರೆ ಯಾರು ಹೇಳಿದ್ದರೂ ತರುತ್ತಿರಲಿಲ್ಲ.

ಅಕ್ಟೋಬರ್ ಮೊದಲ ವಾರ ಚಿತ್ರ ಗೋಡೆ ಏರಿತು. ಭವನದ ಬಾಗಿಲು ತೆಗೆದರೆ ಕೆಂಪೋ ಕೆಂಪು. ಈಗಷ್ಟೇ ಬೆಂದು ಹೊರಬಂದ ಅಡಿಕೆಯ ಹಾಗೆ ಗಾಲಿ, ಹಳಿ, ಮಣ್ಣು, ಆಕಾಶ. ಸಾಹುಕಾರ್ರು ಚಪ್ಪಲಿ ಬಿಟ್ಟು ಒಳಗೆ ಬಂದು, ಮೂಗನ್ನು ಚಿತ್ರದ ಹತ್ತಿರ ಒಯ್ದು, "ವಾಸನೆಯೂ ಬರ್ತಿದೆ ಕಣೇ" ಎಂದರು. ಅವರ ಕಣ್ಣು ಒದ್ದೆಯಾಗಿದ್ದನ್ನು ಶಿಲ್ಪಶ್ರೀ ನೋಡದ ಹಾಗೆ ಮಾಡಿದಳು. ಋಷಭ್ ಕೂಡ ಸೋತ. ಡಬ್ಬಿಯ ಬಾಗಿಲ ಮೇಲೆ ಭವನದ ಹೆಸರನ್ನು ಹೊಳೆಯುವ ಅಕ್ಷರದಲ್ಲಿ ಅಂಟಿಸಿದರೆ ಫೋಟೋಕ್ಕೆ ಚೆನ್ನ ಎಂದ. ಅಕ್ಷರ ಶಿವಮೊಗ್ಗದಿಂದ ಬರಬೇಕಿತ್ತು. ಉದ್ಘಾಟನೆ ನವೆಂಬರ್ ಕೊನೆಗೆ.

ಹತ್ತು ದಿನ ಕಳೆದಿತ್ತು. ಋಷಭ್ ಫೋನು ಮಾಡಿದ. "ಮೇಡಂ, ಹಳಿ ಕಪ್ಪಾಗಿದೆಯಲ್ಲ?"

"ನೆರಳು ಇರ್ಬೇಕು."

ನೆರಳಲ್ಲ. ಅವಳು ಹೋಗಿ ನೋಡಿದಾಗ ಹಳಿಗಳ ಅಂಚಿಗೆ ಕಾಡಿಗೆ ಎಳೆದ ಹಾಗೆ ಕಪ್ಪು. ಇನ್ನೊಂದು ವಾರಕ್ಕೆ ಗಾಲಿಗಳು ಕಪ್ಪಾದವು. ಆಮೇಲೆ ಶೆಡ್ಡಿನ ಕಂಬಗಳು, ಆಮೇಲೆ ಡಬ್ಬಿಯ ತಳ. ಕಪ್ಪು ಮೆಲ್ಲಗೆ, ಗಡಿಬಿಡಿಯಿಲ್ಲದೆ ಮೇಲೇರುತ್ತಿತ್ತು. ಶಿಲ್ಪಶ್ರೀ ಹತ್ತಿರ ಹೋಗಿ ನೋಡಿದಳು. ಬೂಷ್ಟೇ? ಗೋಂದು ಕೊಳೆಯಿತೇ? ಬೆರಳಿಂದ ಉಜ್ಜಿದರೆ ಬರುವುದಿಲ್ಲ. ಮೂಸಿದರೆ ವಾಸನೆಯಿಲ್ಲ. ಕೋಣಂದೂರಿಗೆ ಫೋನು ಮಾಡಿ ಅಪ್ಪನನ್ನು ಕೇಳಿದಳು. "ನಾನು ಡಬ್ಬಿ ಪೇಂಟಿನೋನು ಮಗ. ನಿನ್ನ ಕಷಾಯದ ವಿಷಯ ನಂಗೆಂತ ಗೊತ್ತು?" ಎಂದ ಶಿವಮೂರ್ತಿ.

ಸಾಹುಕಾರ್ರಿಗೆ ಮಾತ್ರ ಕಾರಣ ಹೊಳೆದುಬಿಟ್ಟಿತ್ತು.

"ಶಿಲ್ಪಾ, ನೇರ ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಭವನದ ಹೆಸರು ಅಂಟಿಸ್ತೀವಿ ಅಂದಿದ್ದಕ್ಕೆ ನಿಂಗೆ ಸಿಟ್ಟು ಬಂದಿದೆ. ನಾವಿಲ್ಲದಾಗ ಬಂದು ಸ್ವಲ್ಪ ಸ್ವಲ್ಪ ಕಪ್ಪು ಬಳೀತಿದ್ದೀಯ."

ಸಾಹುಕಾರ್ರು ಚಿತ್ರದ ಕಡೆ ಕೈ ತೋರಿಸಿದರು.

"ಬಾಗಿಲೊಂದು ಬಿಟ್ಟು ಉಳಿದದ್ದೆಲ್ಲ ಕಪ್ಪಾಗ್ತಿದೆ. ತಾನಾಗೇ ಆಗೋದಾದ್ರೆ ಬಾಗಿಲು ಯಾಕೆ ಆಗಲ್ಲ? ಹೇಳು ನೋಡಣ."

"ನಂಗೆ ಸಿಟ್ಟು ಬಂದ್ರೆ ಹಗಲೇ ಬಂದು ಬಳೀತೀನಿ ಸಾಹುಕಾರ್ರೆ, ನೀವು ನೋಡ್ತಿರೋವಾಗ್ಲೇ" ಎಂದಷ್ಟೇ ಹೇಳಿ ಹೊರಬಂದಳು. ಋಷಭ್ ಭವನಕ್ಕೆ ಹೊಸ ಬೀಗ ಹಾಕಿಸಿದ. ಒಂದು ಕೀಲಿ ತನ್ನ ಹತ್ತಿರ, ಇನ್ನೊಂದು ಬೆಳಿಗ್ಗೆ ಕಸ ಗುಡಿಸುವ ಪುಷ್ಪಮ್ಮನ ಹತ್ತಿರ. ಚಿತ್ರದ ಎದುರಿಗೊಂದು ಕ್ಯಾಮೆರಾ. ನಾಲ್ಕು ದಿನದ ರೆಕಾರ್ಡಿಂಗನ್ನು ಅಪ್ಪ ಮಗ ಅಂಗಡಿಯಲ್ಲಿ ಕೂತು ನೋಡಿದರು. ಪುಷ್ಪಮ್ಮ ಗುಡಿಸುತ್ತಾಳೆ, ಹೋಗುತ್ತಾಳೆ. ಒಂದು ಹಲ್ಲಿ ಡಬ್ಬಿಯ ಮೇಲೆ ಹತ್ತುತ್ತದೆ, ಇಳಿಯುತ್ತದೆ. ಅಷ್ಟೇ. ಐದನೆಯ ದಿನ ಹೋಗಿ ನೋಡಿದರೆ ಆಕಾಶಕ್ಕೂ ಕಪ್ಪು ಹತ್ತಿತ್ತು.

"ಹಲ್ಲಿ ಮೇಲೆ ಅನುಮಾನ ಇದ್ರೆ ಹೇಳಿ, ಹಿಡಿದು ಕೊಡ್ತೀನಿ" ಎಂದಳು ಶಿಲ್ಪಶ್ರೀ. ಸಾಹುಕಾರ್ರು ನಗಲಿಲ್ಲ.

ಉದ್ಘಾಟನೆಗೆ ಒಂಬತ್ತು ದಿನವಿರುವಾಗ ಅವಳು ಶಾಲೆಗೆ ರಜೆ ಹಾಕಿ, ಬೆಳಿಗ್ಗೆ ಏಳಕ್ಕೇ ಭವನಕ್ಕೆ ಹೋದಳು. ಪುಷ್ಪಮ್ಮ ಗುಡಿಸುತ್ತಿದ್ದಳು. ಐವತ್ತರ ಆಸುಪಾಸಿನ ಹೆಂಗಸು. ಬೆಳಿಗ್ಗೆ ಭವನದ ಕೆಲಸ, ಕೊಯ್ಲಿನ ಕಾಲದಲ್ಲಿ ಮಧ್ಯಾಹ್ನದಿಂದ ಅಡಿಕೆ ಸುಲಿಯುವ ಕೆಲಸ. ಶಿಲ್ಪಶ್ರೀ ಚಿತ್ರದ ಮುಂದೆ ನೆಲದ ಮೇಲೆ ಕೂತು, ಪರಚಿ, ಒರೆಸಿ, ನಾಲಿಗೆಗೂ ಹಚ್ಚಿ ನೋಡುತ್ತಿದ್ದಳು. ಪುಷ್ಪಮ್ಮ ಸ್ವಲ್ಪ ಹೊತ್ತು ಪೊರಕೆ ಊರಿ ನಿಂತು ನೋಡಿದಳು.

"ಎಂತ ಹುಡುಕ್ತಿ ತಂಗಿ?"

"ಇದು ಯಾಕೆ ಕಪ್ಪಾಯ್ತು ಅಂತ ಪುಷ್ಪಕ್ಕ."

"ಚೊಗರಿಗೆ ಕಬ್ಬಿಣ ಸೋಕಿದ್ರೆ ಕಪ್ಪಾಗದೆ ಮತ್ತೆಂತ ಆಗ್ತದೆ?"

ಶಿಲ್ಪಶ್ರೀ ತಿರುಗಿದಳು. ಪುಷ್ಪಮ್ಮ ತನ್ನ ಎರಡೂ ಕೈ ಮುಂದೆ ಚಾಚಿದಳು. ಹೆಬ್ಬೆರಳು, ತೋರುಬೆರಳು, ಅಂಗೈಯ ಗೀರುಗಳು, ಉಗುರಿನ ಸಂದು, ಎಲ್ಲ ಕಪ್ಪು. ಮೇಲಿಂದ ಮೆತ್ತಿದ ಕಪ್ಪಲ್ಲ, ಚರ್ಮದ ಒಳಗಿಂದ ಬಂದ ಕಪ್ಪು. ಹಳಿಯ ಕಪ್ಪೂ ಅದೇ. ಗಾಲಿಯ ಕಪ್ಪೂ ಅದೇ.

"ಅಡಿಕೆ ರಸದ ಬಣ್ಣ ಅಲ್ವಾ ಇದು? ನಾನು ಹಂಗೇ ಅಂದ್ಕೊಂಡಿದ್ದೆ" ಎಂದಳು ಶಿಲ್ಪಶ್ರೀ.

"ರಸ ಕೆಂಪು. ನಾವು ಸುಲಿಯೋ ಮೆಟ್ಟುಗತ್ತಿ ಕಬ್ಬಿಣದ್ದು. ಎರಡೂ ಕೂಡಿದ್ರೆ ಈ ಬಣ್ಣ. ಅದ್ಕೇ ಅಲ್ದಾ ಅಡಿಕೆ ಬೇಯಿಸೋಕೆ ತಾಮ್ರದ ಹಂಡೆ ಇಡೋದು? ಕಬ್ಬಿಣದ್ದರಲ್ಲಿ ಬೇಯಿಸಿದ್ರೆ ಯಾವ ಸಾಹುಕಾರ ತಗೊಳ್ತಾನೆ? ಬಾಗ್ಲಿಗೆ ನೀ ತುಕ್ಕು ಹಾಕಿಲ್ಲ, ಅದು ಕೆಂಪಿದೆ. ತಿಂಗಳಿಂದ ನೋಡ್ತಿದೀನಿ."

"ತಿಂಗಳಿಂದ ಗೊತ್ತಿದ್ದೂ ಹೇಳ್ಲಿಲ್ವಲ್ಲ ಪುಷ್ಪಕ್ಕ!"

"ಯಾರು ಕೇಳಿದ್ರು? ಕ್ಯಾಮ್ರಾನ ಕೇಳಿದ್ರು, ಬೀಗಾನ ಕೇಳಿದ್ರು. ನನ್ನ ಕೇಳಿದ್ರಾ?"

ಶಿಲ್ಪಶ್ರೀ ಜೋರಾಗಿ ನಕ್ಕಳು. ಖಾಲಿ ಭವನದಲ್ಲಿ ನಗು ಗೋಡೆಯಿಂದ ಗೋಡೆಗೆ ಬಡಿಯಿತು. ಮೂರು ತಲೆಮಾರಿನಿಂದ ಅಡಿಕೆಯಲ್ಲೇ ಬದುಕಿದ ಸಾಹುಕಾರ್ರಿಗೆ ಇದು ಗೊತ್ತಿಲ್ಲ. ಅವರ ಅಂಗಡಿಗೆ ಬರುವ ಅಡಿಕೆ ಸುಲಿದು, ಬೆಂದು, ಒಣಗಿ, ಚೀಲ ಸೇರಿದ್ದು. ತನಗೂ ಗೊತ್ತಿರಲಿಲ್ಲ, ಕೋಣಂದೂರು ಸಂತೆಯಲ್ಲಿ ಇಂಥ ಕೈಗಳಿಂದ ಎಷ್ಟು ಸಲ ಸೊಪ್ಪು ತೆಗೆದುಕೊಂಡಿದ್ದಳೋ.

"ಹೋಗಲ್ವಾ ಇದು?"

"ಎಂತಕ್ಕೆ ಹೋಗಲ್ಲ? ವಾಟೆಹುಳಿ ಹಾಕಿ ತಿಕ್ಕಿದ್ರೆ ಹೋಗ್ತದೆ. ಮದುವೆ ಮನೆಗೆ ಹೋಗೋ ಮುಂಚೆ ತಿಕ್ಕಿ ಹೋಗ್ತೀವಿ. ಮಾರನೇ ದಿನ ಮತ್ತೆ ಕತ್ತಿ ಮುಂದೆ ಕೂತ್ರೆ ಮತ್ತೆ ಇದೇ."

ಪುಷ್ಪಮ್ಮ ಮರುದಿನ ಸೆರಗಿನ ತುದಿಯಲ್ಲಿ ಸಾರಿಗೆ ಹುಣಿಸೆಯ ಬದಲು ಹಾಕುವ ವಾಟೆಹುಳಿಯ ಒಣಗಿದ ಹೋಳು ಒಂದು ಹಿಡಿ ಕಟ್ಟಿಕೊಂಡು ಬಂದಳು. ಬಿಸಿನೀರಿನಲ್ಲಿ ನೆನೆಸಿ ಕಿವುಚಿದ ರಸದಲ್ಲಿ ಬಟ್ಟೆ ಅದ್ದಿ, ಶಿಲ್ಪಶ್ರೀ ಹಳಿಯ ಕೆಳಗಿನ ಒಂದು ದಿಮ್ಮಿಯನ್ನು ಒರೆಸಿದಳು. ಕಪ್ಪು ಕರಗಿ, ಕೆಳಗಿನ ಕೆಂಪು ಮೇಲೆ ಬಂತು. ಇಷ್ಟು ಸುಲಭ. ಎರಡು ದಿನ ಕೂತರೆ ಇಡೀ ಚಿತ್ರ ಅಕ್ಟೋಬರಿನಲ್ಲಿದ್ದ ಹಾಗೆ.

ಅವಳು ಹಿಂದೆ ಸರಿದು ನೋಡಿದಳು. ಕಪ್ಪು ಹಳಿಯ ಕೆಳಗೆ ಒಂದೇ ಒಂದು ಕೆಂಪು ದಿಮ್ಮಿ. ಅಂಗಡಿಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ನೇತುಹಾಕುವ ಆಟದ ರೈಲಿನ ತುಂಡಿನಂತೆ ಕಂಡಿತು. ಉಳಿದದ್ದೆಲ್ಲ ಭಾರ ಹೊತ್ತಿತ್ತು, ಅದೊಂದು ಹೊತ್ತಿರಲಿಲ್ಲ. ಚೀಲದಲ್ಲಿ ಇನ್ನೂ ಇದ್ದ ಹಳಿಮೊಳೆಯನ್ನು ತೆಗೆದು, ಒದ್ದೆ ದಿಮ್ಮಿಯ ಮೇಲೆ ಹೊಸದಾಗಿ ಚೊಗರು ಸವರಿ, ಮೊಳೆಯ ಚೂಪಿನಿಂದ ಎಳೆದಳು. ಎಳೆದ ಕಡೆ ಕಣ್ಣೆದುರೇ ಗೆರೆ ಕಪ್ಪಾಯಿತು. ಇನ್ನೊಂದು ಎಳೆದಳು. ಮತ್ತೊಂದು. ಮರದ ಸೀಳುಗಳು ಒಂದೊಂದೇ ಎದ್ದು ಬಂದು, ದಿಮ್ಮಿ ಮತ್ತೆ ಕಪ್ಪಾಯಿತು.

"ಮೊಳೆಲೇ ಬರೀಬಹುದು ಪುಷ್ಪಕ್ಕ!"

"ಬರಿ ಮತ್ತೆ. ನಮ್ಮ ಕೈಯಾದ್ರೆ ಮದುವೆಗೆ ಅಂತ ತಿಕ್ತೀವಿ. ನಿನ್ನ ರೈಲಿಗೆ ಎಲ್ಲಿ ಮದುವೆ?"

ವಿಷಯ ಸಾಹುಕಾರ್ರಿಗೆ ಮುಟ್ಟಿತು. ಅವರು ಓಡಿಬಂದರು. ತಪ್ಪು ತಿಳಿದುಕೊಂಡಿದ್ದಕ್ಕೆ ಮೊದಲು ಕೈಮುಗಿದರು. ಆ ಮಟ್ಟಿಗೆ ದೊಡ್ಡ ಮನುಷ್ಯ. ಆಮೇಲೆ ಮುಖ ಅರಳಿಸಿ, "ಸರಿಯಾಯ್ತಲ್ಲ! ವಾಟೆಹುಳಿ ಎಷ್ಟು ಬೇಕು? ಹತ್ತು ಕೇಜಿ ತರಿಸ್ತೀನಿ. ನಾಲ್ಕು ಜನ ಹೆಂಗಸ್ರನ್ನ ಕೊಡ್ತೀನಿ. ತೊಳೆಸಿಬಿಡು" ಎಂದರು.

"ಇಲ್ಲ ಸಾಹುಕಾರ್ರೆ."

"ಎಂತ ಇಲ್ಲ?"

"ತೊಳೆಯಲ್ಲ. ಇದು ಈಗ ಸರಿಯಾಗಿದೆ."

ಸಾಹುಕಾರ್ರು ಚಿತ್ರ ನೋಡಿದರು, ಅವಳನ್ನು ನೋಡಿದರು. "ಮಗ, ನಮ್ಮಪ್ಪನ ಡಬ್ಬಿ ಕೆಂಪಿತ್ತು. ನಾನು ಕಣ್ಣಾರೆ ನೋಡಿದೀನಿ."

"ಡಬ್ಬಿ ಕೆಂಪಿತ್ತು. ಅದಕ್ಕೆ ಮೂಟೆ ತುಂಬಿದ ಕೈ, ಅದರೊಳಗಿನ ಅಡಿಕೆ ಸುಲಿದ ಕೈ ಯಾವ ಬಣ್ಣ ಇತ್ತು, ನೋಡಿದೀರಾ?"

"ನಾನು ಸೀಮೆಸುಣ್ಣ ಹಿಡ್ಕೊಂಡಿದ್ದೆ" ಎಂದರು ಅವರು, ಸ್ವಲ್ಪ ಸಣ್ಣ ದನಿಯಲ್ಲಿ. ಕೂಡಲೇ ದನಿ ಏರಿಸಿದರು. "ಶುಭ ಕಾರ್ಯಕ್ಕೆ ಕಟ್ಟಿದ ಭವನ ಇದು. ನಾಳೆ ಮದುವೆ ದಿಬ್ಬಣ ಬಂದ್ರೆ ಎದುರಿಗೇ ಕರಿ ರೈಲು! ಮಸಿ ಬಳಿದ ಹಾಗಿದೆ. ತೊಳೆಸಿಕೊಟ್ರೆ ಊಟದ ಹಾಲಿನ ಮೂರು ಗೋಡೆಯೂ ನಿಂಗೇ. ಎಂತ ಬೇಕಾದ್ರೂ ಬರಿ. ಇಲ್ಲಾಂದ್ರೆ ಹೊಳೆಯೋ ಅಕ್ಷರವೂ ಬೇಡ, ಋಷಭ್ ಹೇಳಿದ ಜೋಗದ ಫ್ಲೆಕ್ಸ್ ಇದರ ಮೇಲೆ ಬರ್ತದೆ. ಆಮೇಲೆ ಇದನ್ನ ಇಳಿಸೋದೇ."

"ಬಣ್ಣ ನನ್ನಿಷ್ಟ ಅಂತ ಮಾತಾಗಿತ್ತು."

"ಬಣ್ಣ ನಿನ್ನಿಷ್ಟ ಹೌದು. ಗೋಡೆ ನಂದಲ್ವಾ?"

ಮೂರು ದಿನ ಟೈಮು ಕೊಟ್ಟು ಹೋದರು. ಆ ಮೂರು ದಿನ ಶಿಲ್ಪಶ್ರೀಗೆ ಹಿತವಾಗಿರಲಿಲ್ಲ. ಊಟದ ಹಾಲಿನ ಮೂರು ಗೋಡೆ ಎಂದರೆ ಹಂಚಿನ ಕಾರ್ಖಾನೆ ಒಂದು, ಅಕ್ಕಿಗಿರಣಿ ಒಂದು, ಜೋಗದ ಪೈಪುಗಳು ಒಂದು; ಅಳತೆ ಕೂಡ ಮನಸ್ಸಿನಲ್ಲೇ ಹಾಕಿಬಿಟ್ಟಳು. ಒಂದು ಚಿತ್ರ ತೊಳೆದರೆ ಮೂರು ಚಿತ್ರ. ಇದಕ್ಕಿಂತ ಒಳ್ಳೆಯ ವ್ಯಾಪಾರ ಸಾಗರದಲ್ಲಿ ಯಾರೂ ಕೊಡಲಾರರು. ಅಪ್ಪ ಫೋನಿನಲ್ಲಿ, "ತೊಳೆದುಕೊಡೇ. ನಾನು ಜೀವಮಾನದಲ್ಲಿ ಎಷ್ಟು ಬೋರ್ಡು ಅಳಿಸಿ ಬರೆದಿಲ್ಲ? ಗಿರಾಕಿ ಹೇಳಿದ ಬಣ್ಣವೇ ಬಣ್ಣ" ಎಂದ. ಅವಳು ಒಂದು ಸಲ ವಾಟೆಹುಳಿ ನೆನೆಸಿಯೂ ಇಟ್ಟಳು. ಬೆಳಿಗ್ಗೆ ಅದನ್ನೇ ಸಾರಿಗೆ ಹಾಕಿದಳು. ಸಾರು ಚೆನ್ನಾಗಿತ್ತು.

ಉದ್ಘಾಟನೆ ದಿನ ಬೆಳಿಗ್ಗೆ ಹನ್ನೊಂದಕ್ಕೆ ಮುಹೂರ್ತ. ಶಿಲ್ಪಶ್ರೀ ಹತ್ತಕ್ಕೇ ಹೋದಳು. ಹೆಗಲಿಗೆ ಬಟ್ಟೆ ಚೀಲ, ಅದರಲ್ಲಿ ಚೊಗರಿನ ಬಾಟಲಿ, ಅಗಲ ಕುಂಚ, ಹಳಿಮೊಳೆ. ಜೊತೆಗೆ ಇಸ್ತ್ರಿ ಮಾಡಿದ ಖಾಕಿ ಅಂಗಿ ತೊಟ್ಟ ಜಟ್ಟಿಂಗಪ್ಪ, ಕೈಯಲ್ಲಿ ಕೋಲು. ಎದುರು ಗೋಡೆಯ ಮೇಲೆ ಜೋಗ ಧುಮುಕುತ್ತಿತ್ತು; ನಾಲ್ಕು ಮೂಲೆಗೆ ನೈಲಾನ್ ಹಗ್ಗ ಬಿಗಿದ ಫ್ಲೆಕ್ಸು. ಅತಿಥಿಗಳು ಬಂದಿದ್ದರು. ಮುಖ್ಯ ಅತಿಥಿಗಳು ಎಂದಿನಂತೆ ಬಂದಿರಲಿಲ್ಲ. ಎಲ್ಲರೂ ಊಟದ ಹಾಲಿನಲ್ಲಿ ಉಪ್ಪಿಟ್ಟು, ಕೇಸರಿಬಾತಿನ ಮುಂದಿದ್ದರು.

ದೀಪ ಕಟ್ಟಲು ತಂದಿದ್ದ ಏಣಿ ಅಲ್ಲೇ ಇತ್ತು. ಅವಳು ಅದನ್ನು ಗೋಡೆಗೆ ಒರಗಿಸಿದಳು. ಜಟ್ಟಿಂಗಪ್ಪ ಬುಡ ಹಿಡಿದ. ಎರಡು ಗಂಟು ಬಿಚ್ಚುವಷ್ಟರಲ್ಲಿ ಜೋಗ ಒಂದು ಕಡೆಗೆ ಮಗುಚಿಕೊಂಡಿತು. ನಾಲ್ಕೂ ಬಿಚ್ಚಿದಾಗ ಸಪ್ಪಳ ಮಾಡುತ್ತ ನೆಲಕ್ಕೆ ಬಿತ್ತು. ಒಳಗಿನಿಂದ ಕರಿ ರೈಲು ಹೊರಗೆ ಬಂತು. ಅದರ ನಡುವೆ ಕೆಂಪು ಬಾಗಿಲು, ಇಡೀ ಚಿತ್ರದಲ್ಲಿ ಉಳಿದಿದ್ದ ಒಂದೇ ಕೆಂಪು.

ಸಪ್ಪಳ ಕೇಳಿ ಜನ ತಟ್ಟೆ ಹಿಡಿದುಕೊಂಡೇ ಬಂದರು. ಮುಂದೆ ಋಷಭ್.

"ಮೇಡಂ! ಇಳೀರಿ ಕೆಳಗೆ! ಎಂತ ಮಾಡ್ತಿದೀರಿ ನೀವು?"

"ಹಗಲೇ ಬಳೀತೀನಿ ಅಂದಿದ್ದೆ. ಹಗಲಲ್ವಾ ಈಗ?"

ಅವಳು ಬಾಗಿಲಿನ ಮೇಲೆ ಚೊಗರನ್ನು ಅಗಲವಾಗಿ ಸವರಿದಳು. ಅದು ಒದ್ದೆಯಿರುವಾಗಲೇ ಮೊಳೆ ಊರಿದಳು. ಕೈ ತಾನಾಗಿಯೇ ಅಪ್ಪನ ಕೈಯಾಯಿತು. ಅಂಗಡಿ ಬೋರ್ಡಿನ ಅಕ್ಷರಗಳಂತೆ ದುಂಡಗೆ, ತಲೆಕಟ್ಟು ಒಂದೇ ಸಾಲಿನಲ್ಲಿ. ಎಳೆದ ಹಿಂದೆಯೇ ಕಪ್ಪು ಹತ್ತುತ್ತ ಬಂತು. ನೋಡುತ್ತಿದ್ದವರು ಉಪ್ಪಿಟ್ಟು ಅಗಿಯುವುದನ್ನು ಮರೆತರು. ಕೆಂಪು ರಸದ ಮೇಲೆ ಬರೀ ಮೊಳೆಯಿಂದ ಕಪ್ಪಕ್ಷರ ಎಲ್ಲಿಂದ ಬರುತ್ತಿದೆಯೆಂದು ಯಾರಿಗೂ ತಿಳಿಯಲಿಲ್ಲ. ಹಿಂದೆ ನೀರಿನ ಕೊಡಪಾನ ಹಿಡಿದು ನಿಂತಿದ್ದ ಪುಷ್ಪಮ್ಮನಿಗೆ ಮಾತ್ರ ತಿಳಿದಿತ್ತು.

ಮೊದಲ ಸಾಲು: ಕಳಿಸುವವರು: ಪುಷ್ಪಮ್ಮ, ಅಡಿಕೆ ಸುಲಿಯುವವರು.

"ಅಯ್ಯೋ, ನನ್ನ ಹೆಸ್ರು ಎಂತಕ್ಕೆ ತಂಗಿ? ಬೈತಾರೆ" ಎಂದಳು ಪುಷ್ಪಮ್ಮ. ಆದರೆ ಕೊಡಪಾನ ಕೆಳಗಿಟ್ಟು ಹತ್ತಿರ ಬಂದು, ಅಕ್ಷರ ಕೂಡಿಸಿಕೊಂಡು ಎರಡು ಸಲ ಓದಿದಳು.

ಎರಡನೆಯ ಸಾಲು: ಹೋಗುವ ಊರು: ತೀರ್ಥಹಳ್ಳಿ.

ಸಾಹುಕಾರ್ರು ಜನರ ನಡುವಿನಿಂದ ದಾರಿ ಮಾಡಿಕೊಂಡು ಬಂದರು. ಹೊಸ ಶಲ್ಯ, ಹಣೆಯಲ್ಲಿ ಗಂಧ. ಮುಖ ಕೆಂಪಾಗಿತ್ತು. ಬೈಯಲು ಬಾಯಿ ತೆರೆದವರು ಬಾಗಿಲಿನ ಮೇಲಿನ ಸಾಲು ಓದಿ, ಬೈಗುಳ ಮರೆತು,

"ತೀರ್ಥಹಳ್ಳಿಗೆ ರೈಲೇ ಇಲ್ವಲ್ಲೇ!" ಎಂದರು.

"ಇದು ಹೋಗ್ತದೆ."

"ಹಳಿ ಇಲ್ಲ, ಸ್ಟೇಷನ್ ಇಲ್ಲ—"

"ಕಳಿಸೋರು ಇದಾರೆ. ಊರು ಇದೆ. ಉಳಿದದ್ದು ಭಾಷಣ ಮಾಡೋರಿಗೆ ಬಿಟ್ಟಿದ್ದು."

ಗುಂಪಿನಲ್ಲಿ ಯಾರೋ ನಕ್ಕರು. ಹಿಂದಿನ ಸಾಲಿನಿಂದ ತೀರ್ಥಹಳ್ಳಿ ಕಡೆಯ ಅತಿಥಿಯೊಬ್ಬರು, "ಬರ್ಲಿ ಬಿಡಿ ಧನ್ಯಕುಮಾರ್ರೆ, ಹಿಂಗಾದ್ರೂ ಬರ್ಲಿ!" ಎಂದು ಕೂಗಿದರು. ನಾಲ್ಕಾರು ಫೋನುಗಳು ಮೇಲೆದ್ದವು. ಸಾಹುಕಾರ್ರು ಅತ್ತ ತಿರುಗಲಿಲ್ಲ. ಏಣಿಯ ಬುಡಕ್ಕೆ ಬಂದು, ಅವಳಿಗೆ ಮಾತ್ರ ಕೇಳುವಂತೆ,

"ನಮ್ಮ ಮರ್ಯಾದೆ ತೆಗೆದೆ. ಕಾರ್ಯಕ್ರಮ ಮುಗೀಲಿ. ನಾಳೆಯೇ ಇದನ್ನ ಇಳಿಸ್ತೀನಿ. ಗೊತ್ತಾಯ್ತಾ?" ಎಂದರು.

ಶಿಲ್ಪಶ್ರೀ ಏಣಿಯ ಮೇಲಿಂದಲೇ ಅವರನ್ನು ನೋಡಿದಳು. "ಗೊತ್ತಾಯ್ತು ಸಾಹುಕಾರ್ರೆ. ಇಳಿಸಿ."

ಅವರು ಹೊರಡಲು ತಿರುಗಿದರು. ಎರಡು ಹೆಜ್ಜೆ ಹೋಗಿ ನಿಂತರು. ಮತ್ತೆ ಬಾಗಿಲು ನೋಡಿದರು. ತುಟಿ ಅಲ್ಲಾಡಿತು, ಲೆಕ್ಕ ತಪ್ಪಿದ್ದನ್ನು ಕಂಡುಹಿಡಿದವರ ಹಾಗೆ.

"ಎರಡೇ ಸಾಲು ಬರ್ದಿದೀಯ."

"ಹೌದು."

"ಮೂರು ಸಾಲು ಅಂತ ಹೇಳಿರ್ಲಿಲ್ವಾ ನಿಂಗೆ? ತಾರೀಕು ಎಲ್ಲಿ? ತಾರೀಕಿಲ್ಲದೆ ನಮ್ಮಪ್ಪ ಒಂದು ಡಬ್ಬಿನೂ ಬಿಡ್ತಿರ್ಲಿಲ್ಲ."

ಶಿಲ್ಪಶ್ರೀ ಮೊಳೆಯನ್ನು ಚೀಲಕ್ಕೆ ಹಾಕಿಕೊಂಡಳು. "ತಾರೀಕು ಡಬ್ಬಿ ಹೊರಡೋ ದಿನ ಹಾಕೋದಲ್ವಾ ಸಾಹುಕಾರ್ರೆ? ನೀವು ಇಳಿಸೋ ದಿನ ಹೇಳಿ ಕಳಿಸಿ. ಬಂದು ಅವತ್ತಿನ ತಾರೀಕು ಹಾಕ್ತೀನಿ."

ಹೊರಗೆ ಕಾರಿನ ಬಾಗಿಲುಗಳು ಬಡಿದವು. ಮುಖ್ಯ ಅತಿಥಿಗಳು ಬಂದಿದ್ದರು. ಋಷಭ್ ನೆಲದ ಮೇಲಿದ್ದ ಜೋಗವನ್ನು ಗಡಿಬಿಡಿಯಲ್ಲಿ ಸುತ್ತತೊಡಗಿದ. ಅದನ್ನು ಮತ್ತೆ ಕಟ್ಟಲು ಹೊತ್ತಿರಲಿಲ್ಲ. ಜಟ್ಟಿಂಗಪ್ಪ ಯಾವುದಕ್ಕೂ ಗಮನ ಕೊಡದೆ ಕೋಲನ್ನು ಹಳಿಗಳ ನಡುವೆ ಅಡ್ಡ ಇಟ್ಟು, ಒಂದು ಕಣ್ಣು ಮುಚ್ಚಿ ನೋಡಿದ. "ಸರಿ ಇದೆ. ಬಿಡಬಹುದು" ಎಂದ.

ಆ ನಾಳೆ ಇನ್ನೂ ಬಂದಿಲ್ಲ. ಕೊಯ್ಲು ಮುಗಿದು ಮೂರು ಮದುವೆಗಳಾಗಿವೆ. ದಿಬ್ಬಣದವರು ಮೊದಲು ಬೆಚ್ಚಿ, ಆಮೇಲೆ ಓದಿ, ಆಮೇಲೆ ಅದರ ಮುಂದೆಯೇ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಸಾಹುಕಾರ್ರು ದಿನಕ್ಕೊಮ್ಮೆ ಬಂದು ಚಿತ್ರದ ಮುಂದೆ ನಿಂತು, "ಇಳಿಸ್ಬೇಕು ಇದನ್ನ" ಎಂದು ಪುಷ್ಪಮ್ಮನಿಗೆ ಕೇಳುವಂತೆ ಗೊಣಗಿ ಹೋಗುತ್ತಾರಂತೆ. ಶಿಲ್ಪಶ್ರೀಯ ಚೀಲದಲ್ಲಿ ಹಳಿಮೊಳೆ ಸಿದ್ಧವಾಗಿದೆ. ಮೂರನೆಯ ಸಾಲಿನ ಜಾಗ ಖಾಲಿಯಿದೆ.